ಪ್ಯಾಕೆಟ್ಟಿನ ಮೇಲೆ ಅಮ್ಮನ ಹಣೆ

ಊರಿನವರ ಮಾನ ಕಾಯುವುದು ನನ್ನ ಹೊಟ್ಟೆಪಾಡು. ನವಿ ಮುಂಬಯಿಯ ಸಾನಪಾಡಾದ ಒಂದು ಸಣ್ಣ ಆಫೀಸಿನಲ್ಲಿ ಕೂತು ಹೋಟೆಲುಗಳು, ಸೀರೆ ಅಂಗಡಿಗಳು, ಹಲ್ಲಿನ ಡಾಕ್ಟರುಗಳು, ಇಂಥವರ ಸೋಶಿಯಲ್ ಮೀಡಿಯಾ ಪೇಜುಗಳನ್ನು ನೋಡಿಕೊಳ್ಳುತ್ತೇನೆ. ಇಡ್ಲಿಯಲ್ಲಿ ಕೂದಲು ಸಿಕ್ಕಿತೆಂದು ಯಾರಾದರೂ ಫೋಟೋ ಸಮೇತ ಕೂಗಾಡಿದರೆ, "ನಿಮ್ಮ ಭಾವನೆಗಳಿಗೆ ನೋವಾಗಿದ್ದರೆ ವಿಷಾದವಿದೆ, ದಯವಿಟ್ಟು ನಮಗೆ ಖಾಸಗಿಯಾಗಿ ಮೆಸೇಜು ಮಾಡಿ" ಎಂದು ಬರೆಯುವವಳು ನಾನೇ. ಕೂದಲಿನ ಸುದ್ದಿ ಅಲ್ಲಿಗೆ ಮುಚ್ಚಬೇಕು, ವಿಷಾದ ಮಾತ್ರ ಎಲ್ಲರಿಗೂ ಕಾಣಬೇಕು. ಇಷ್ಟು ವರ್ಷ ಈ ಬೆಂಕಿ ಆರಿಸುವ ಕೆಲಸ ಮಾಡಿ ಮಾಡಿ, ಬೆಂಕಿ ಹಚ್ಚುವುದು ಹೇಗೆಂದೂ ನನಗೆ ಚೆನ್ನಾಗಿ ಗೊತ್ತಾಗಿಬಿಟ್ಟಿದೆ. ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇತ್ತು.

ನಮ್ಮ ಮನೆ ಡೊಂಬಿವಿಲಿಯಲ್ಲಿ. ಅಪ್ಪ ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ, ಅಂದರೆ ದುಡ್ಡು ತೆಗೆದುಕೊಳ್ಳುವ ಜಾಗದಲ್ಲಿ, ಜೀವಮಾನ ಕಳೆದರು. ಯಾವ ಗಿರಾಕಿಗೆ ಚಟ್ನಿ ಎರಡು ಸಲ ಬೇಕು, ಯಾರ ಮಗಳಿಗೆ ಪರೀಕ್ಷೆ ಇದೆ, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ಈಗ ನಾನು ಕಂಪನಿಗಳಿಗೆ ಸ್ಲೈಡು ಹಾಕಿ ಪಾಠ ಮಾಡುವುದನ್ನು ಅಪ್ಪ ವೀಳ್ಯದೆಲೆ ಜಗಿಯುತ್ತಾ ಮಾಡಿ ಮುಗಿಸಿದ್ದರು. ಅಮ್ಮ ಮನೆಯಲ್ಲಿ ಸಾರಿನ ಪುಡಿ, ಚಟ್ನಿ ಪುಡಿ ಮಾಡಿ ಸೊಸೈಟಿಯವರಿಗೆ ಕೊಡುತ್ತಿದ್ದರು. ಆ ಸಾರಿನ ಪುಡಿಯ ಪರಿಮಳಕ್ಕೆ ಮೇಲಿನ ಮಹಡಿಯ ಮರಾಠಿ ಮನೆಗಳಲ್ಲೂ ಅವರ ತೊವ್ವೆ, ಆ ವರಣ, ಹೋಗಿ ಸಾರು ಬಂದಿತ್ತು.

ಅಪ್ಪನ ಜೊತೆ ಅದೇ ಹೋಟೆಲಿನಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೊಬ್ಬರು ಇದ್ದರು. ನಮ್ಮ ಕಡೆಯವರೇ. ಆಮೇಲೆ ಸ್ವಂತ ಹೋಟೆಲು ತೆರೆದರು, ಒಂದು ನಾಲ್ಕಾಯಿತು, ನವಿ ಮುಂಬಯಿಗೂ ಬಂತು. ಈಚೆಗೆ ಪ್ಯಾಕೆಟ್ ಪುಡಿಗಳ ಬ್ರ್ಯಾಂಡ್ ಶುರುಮಾಡಿದರು. ನಾನು ಚಿಕ್ಕವಳಾಗಿದ್ದಾಗಿನಿಂದ ಅವರನ್ನು ಅಂಕಲ್ ಎಂದೇ ಕರೆಯುವುದು. ನಮ್ಮ ಮನೆಯಲ್ಲಿ ಅಪ್ಪನ ಪಕ್ಕದಲ್ಲೇ ಕೂತು ಅಮ್ಮನ ಕೈಯ ಸಾರನ್ನು ಅವರು ಎಷ್ಟು ಸಲ ಸುರಿದುಕೊಂಡಿದ್ದಾರೋ. ಇದನ್ನು ನೆನಪಿಟ್ಟುಕೊಳ್ಳಿ. ಅಪ್ಪನ ಪಕ್ಕದಲ್ಲಿ.

ಒಂದು ದಿನ ಬಂದು, "ಅಕ್ಕ, ನಿಮ್ಮ ಸಾರಿನ ಪುಡಿಯೇ ನಮ್ಮ ಮೊದಲ ಪ್ಯಾಕೆಟ್. ನಿಮ್ಮ ಫೋಟೋ ಅದರ ಮೇಲೆ ಹಾಕುವ" ಎಂದರು. ಅಮ್ಮನಿಗೆ ಸಂಕೋಚವೋ ಸಂಕೋಚ, ಒಳಗೆ ಖುಷಿಯೋ ಖುಷಿ. ಫೋಟೋದವನು ಬರುವ ದಿನ ಹಸಿರು ರೇಷ್ಮೆ ಸೀರೆ ಉಟ್ಟರು, ಕೈ ತುಂಬ ಬಳೆ ಹಾಕಿದರು, ಸ್ಟೇಷನ್ ಹತ್ತಿರದಿಂದ ಅಪ್ಪ ತಂದ ಮಲ್ಲಿಗೆ ಮುಡಿದರು. ಹಣೆಯ ಕುಂಕುಮವನ್ನು ಮೂರು ಸಲ ಒರೆಸಿ ಇಟ್ಟು, "ಉರುಟು ಬಂದಿದೆಯಾ ನೋಡು" ಎಂದು ನನ್ನನ್ನು ಕೇಳಿದರು. ಬಂದಿತ್ತು. ಫೋಟೋದವನು ಹೋದ ಮೇಲೂ ಸಂಜೆಯವರೆಗೆ ಆ ಸೀರೆ ಬದಲಿಸಲಿಲ್ಲ.

ಪ್ಯಾಕೆಟ್ ಅಂಗಡಿಗೆ ಬಂದದ್ದು ಡಿಸೆಂಬರಿನ ಕೊನೆಗೆ. ಮೊದಲು ನೋಡಿದ್ದು ಅಪ್ಪ. ವಾಶಿಯಲ್ಲಿ ಯಾರನ್ನೋ ನೋಡಲು ಹೋದವರು ಅಲ್ಲಿನ ದೊಡ್ಡ ಅಂಗಡಿಯಲ್ಲಿ ಕಂಡು, ಒಂದು ಕೊಂಡು ತಂದು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ನಗತೊಡಗಿದರು. "ನನ್ನನ್ನು ಕೊಂದುಹಾಕಿದ್ದಾರೆ ಮಾರಾಯ್ತಿ!" ಎಂದರು.

ಪ್ಯಾಕೆಟ್ಟಿನ ಮೇಲೆ ಅಮ್ಮನೇ ಇದ್ದರು. ಆದರೆ ಹಣೆ ಬರಿದು. ಮಲ್ಲಿಗೆ ಇಲ್ಲ. ಕೈಯಲ್ಲಿ ಒಂದು ಬಳೆ ಇಲ್ಲ. ಕುತ್ತಿಗೆಯಲ್ಲಿ ಕರಿಮಣಿ ಇಲ್ಲ. ಹಸಿರು ಸೀರೆಯ ಬಣ್ಣ ಬಸಿದು ಮಾಸಲು ಬಿಳಿ ಮಾಡಿದ್ದರು. ಕೂದಲಿಗೆ ಇನ್ನಷ್ಟು ಬಿಳಿ ಬಳಿದು ಮೇಲೆ ದೊಡ್ಡಕ್ಷರದಲ್ಲಿ "ಅಜ್ಜಿ" ಎಂದು ಬರೆದಿದ್ದರು. ಹಿಂಬದಿಯಲ್ಲಿ ಕಥೆ: ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅಜ್ಜಿ, ಒರಳು ಒನಕೆಯನ್ನೇ ನಂಬಿ, ಸಾರಿನ ಪುಡಿ ಕುಟ್ಟಿ ಮಕ್ಕಳನ್ನು ಸಾಕಿದಳಂತೆ. ಪ್ರತಿ ಚಿಟಿಕೆಯಲ್ಲೂ ಅವಳ ಕಣ್ಣೀರಿನ ರುಚಿ ಇದೆಯಂತೆ. ಥೂ! ಸಾರಿಗೆ ಯಾರಾದರೂ ಕಣ್ಣೀರು ಹಾಕುತ್ತಾರಾ?

ಅಮ್ಮ ನಗಲಿಲ್ಲ. ಪ್ಯಾಕೆಟ್ ತಿರುವಿ ಮುರುವಿ ನೋಡಿದರು. ಎದ್ದು ದೇವರ ಗೂಡಿನ ಹತ್ತಿರ ಹೋಗಿ ಭರಣಿ ತೆಗೆದು, ಹಣೆಯಲ್ಲಿ ಇದ್ದ ಕುಂಕುಮದ ಮೇಲೆಯೇ ಇನ್ನೊಮ್ಮೆ ಕುಂಕುಮ ಇಟ್ಟುಕೊಂಡರು. ಆಮೇಲೆ ಅಪ್ಪನಿಗೆ, "ನೀವು ನಗಬೇಡಿ." ಎಂದರು. ಅಪ್ಪನ ನಗು ಅಲ್ಲಿಗೇ ನಿಂತಿತು.

ಪ್ಯಾಕೆಟ್ ಹಾಳಾಗಿ ಹೋಗಲಿ, ರೀಲ್ ಬಂತು ನೋಡಿ. ಹಿಂದೆ ಕೊಳಲು, ಮುಂದೆ ಅಮ್ಮನ ಬರಿದಾದ ಮುಖ. ಎಲ್ಲರ ಮೊಬೈಲಿಗೂ ಹೋಯಿತು. "ಓಂ ಶಾಂತಿ" ಎಂದು ಜನ ಅಪ್ಪನಿಗೆ ಶ್ರದ್ಧಾಂಜಲಿ ಸಲ್ಲಿಸತೊಡಗಿದರು. ಕೋಪರಖೈರಣೆಯಲ್ಲಿರುವ ಅಮ್ಮನ ದೂರದ ಚಿಕ್ಕಮ್ಮ ಯಾರನ್ನೂ ಕೇಳದೆ, ಅಳುವ ಮುಖ ಮಾಡಿಕೊಂಡು ಬಂದೇಬಿಟ್ಟರು. ಬಾಗಿಲು ತೆರೆದದ್ದು ಲುಂಗಿ ಬನಿಯನ್ನಿನಲ್ಲಿದ್ದ ಅಪ್ಪ. ಚಿಕ್ಕಮ್ಮ "ಅಯ್ಯೋ ದೇವರೇ!" ಎಂದು ಎರಡು ಹೆಜ್ಜೆ ಹಿಂದೆ ಹೋದರು.

"ಬನ್ನಿ, ಬನ್ನಿ. ನಾನು ಸತ್ತದ್ದಕ್ಕೆ ಬಂದದ್ದಲ್ಲವಾ? ಕಾಫಿ ಕುಡಿದೇ ಹೋಗಬೇಕು" ಎಂದರು ಅಪ್ಪ.

ಇದನ್ನು ನಾನೂ ಹೇಳಿ ನಗುತ್ತೇನೆ. ಆದರೆ ಸಂಕ್ರಾಂತಿಯ ನಂತರ ಆದದ್ದಕ್ಕೆ ಯಾರಿಗೂ ನಗು ಬರಲಿಲ್ಲ. ಇಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಹಳದಿ-ಕುಂಕುವಿನ ದಿನಗಳು. ಮರಾಠಿ ಹೆಂಗಸರು ಮನೆಮನೆಗೆ ಹೋಗಿ ಮುತ್ತೈದೆಯರನ್ನು ಕರೆಯುತ್ತಾರೆ, ಅರಿಶಿನ ಕುಂಕುಮ ಹಚ್ಚಿ, ಎಳ್ಳುಂಡೆ ಕೊಟ್ಟು, ಒಂದು ಡಬ್ಬಿಯನ್ನೋ ಬಟ್ಟಲನ್ನೋ ಕೈಗಿಡುತ್ತಾರೆ. ಅಮ್ಮನಿಗೆ ಇದೆಂದರೆ ಜೀವ. ನಮ್ಮ ಅಡಿಗೆಮನೆಯ ಅರ್ಧ ಡಬ್ಬಿಗಳು ಹಾಗೆಯೇ ಬಂದವು. ಎರಡನೇ ಮಹಡಿಯ ಹಳೆಯ ನೆರೆಯಾಕೆಯೊಬ್ಬರು ಫೋನು ಮಾಡಿ, "ಕಾಕೂ, ಕಾಕಾ ಬರೆ ಆಹೇತ ನಾ?" ಎಂದು ಅಪ್ಪನ ಆರೋಗ್ಯ ವಿಚಾರಿಸಿ, ಸಮಾಧಾನಪಟ್ಟುಕೊಂಡು ಆಮೇಲೆ ಕರೆದರು. ಇಪ್ಪತ್ತು ವರ್ಷದ ನೆರೆಯವರಿಗೇ ಅನುಮಾನ ಬಂದ ಮೇಲೆ ಹೊಸಬರ ಮಾತೇನು?

ಒಂದು ಭಾನುವಾರ ನಾನು ಮನೆಯಲ್ಲೇ ಇದ್ದೆ. ಪಕ್ಕದ ವಿಂಗಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕರೆಯಲು ಬಂದಿದ್ದಳು. ಎದುರು ಮನೆಯ ಗಂಟೆ ಬಾರಿಸಿದ್ದು ಕೇಳಿಸಿತು. "ಹಳದಿಕುಂಕವಾಲಾ ಯಾ ಹಂ" ಎಂದು ಕರೆದದ್ದೂ ಕೇಳಿಸಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲ ಹತ್ತಿರ ಹೋಗಿ ನಿಂತರು. ಚಪ್ಪಲಿಯ ಸದ್ದು ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಮೆಟ್ಟಿಲಿಳಿದು ಹೋಯಿತು. ಅಮ್ಮ ಅಲ್ಲೇ ಚಿಲಕ ಹಿಡಿದುಕೊಂಡು ನಿಂತಿದ್ದರು. "ಪಾಪ, ಅವಳಿಗೆ ಗೊತ್ತಿಲ್ಲ" ಎಂದು ಒಳಗೆ ಹೋದರು. ಆ ವರ್ಷ ಮತ್ತೆ ಯಾರ ಹಳದಿ-ಕುಂಕುವಿಗೂ ಹೋಗಲಿಲ್ಲ, ಕರೆದವರ ಮನೆಗೂ.

ಗಂಡ ಸತ್ತವಳನ್ನು ಕರೆಯದೆ ಬಿಡುವುದೇ ಮೊದಲು ಅನ್ಯಾಯ. ನನಗೆ ಗೊತ್ತಿದೆ. ಆ ಜಗಳ ಬೇರೆ, ಅದನ್ನು ನಾನು ಸೊಸೈಟಿಯಲ್ಲಿ ಈಗಲೂ ಆಡುತ್ತಿದ್ದೇನೆ. ಆದರೆ ಅಮ್ಮನಿಗೆ ಬೇಕಾಗಿದ್ದದ್ದು ಸುಧಾರಣೆಯಲ್ಲ, ತನ್ನ ಹಣೆಯ ಕುಂಕುಮ. ಅದನ್ನು ಒರೆಸಿದವರೇ ಬಂದು ಮರಳಿ ಇಡಬೇಕು ಎಂದು ನಾನು ಅವತ್ತೇ ತೀರ್ಮಾನ ಮಾಡಿದೆ.

ಮೊದಲು ಮರ್ಯಾದೆಯಿಂದಲೇ ಅವರ ಪೇಜಿಗೆ ಬರೆದೆ. ಉತ್ತರ ಬಂತು: "ನಿಮ್ಮ ಭಾವನೆಗಳಿಗೆ ನೋವಾಗಿದ್ದರೆ ವಿಷಾದವಿದೆ, ದಯವಿಟ್ಟು ನಮಗೆ ಖಾಸಗಿಯಾಗಿ ಮೆಸೇಜು ಮಾಡಿ." ನಾನು ದಿನಾ ಬರೆಯುವ ವಾಕ್ಯ, ಅಕ್ಷರ ಬಿಡದೆ, ನನ್ನ ಮುಖಕ್ಕೇ ಬಂದು ಬಿತ್ತು. ಮೈಯೆಲ್ಲ ಉರಿದುಹೋಯಿತು.

ಅಂಕಲ್‌ಗೆ ಫೋನು ಮಾಡಿದೆ. ಅವರ ದನಿ ಬೆಣ್ಣೆ. "ಅಯ್ಯೋ ಮಗಾ, ಅದು ಏಜೆನ್ಸಿಯವರ ಕ್ರಿಯೇಟಿವ್. ಬ್ರ್ಯಾಂಡಿಗೆ ಒಂದು ಸ್ಟೋರಿ ಬೇಕಲ್ಲ? ನೀನೂ ಇದೇ ಲೈನಿನವಳು, ನಿನಗೆ ಹೇಳಬೇಕಾ? ಗಂಡ ಇರುವವಳು ಸಾರಿನ ಪುಡಿ ಮಾಡಿದರೆ ಯಾರು ಕೇಳ್ತಾರೆ? ಬರೀ ಫೋಟೋ ಅಲ್ವಾ, ಅಷ್ಟೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬಾರದು."

"ಅಂಕಲ್, ಅಪ್ಪ ಬದುಕಿದ್ದಾರೆ ಎಂದು ನಿಮಗೆ ಗೊತ್ತಲ್ಲ?"

"ಅಣ್ಣ ನೂರು ವರ್ಷ ಬದುಕಲಿ ಮಗಾ! ಅದು ಬರೀ ಫೋಟೋ."

ಬರೀ ಫೋಟೋ. ಆ ಎರಡು ಶಬ್ದ ನನ್ನ ತಲೆಯೊಳಗೆ ಕೂತುಬಿಟ್ಟವು. ಲೋಕಲ್ ಟ್ರೈನಿನಲ್ಲಿ ನಿಂತಾಗಲೂ ಅದೇ, ಊಟ ಮಾಡುವಾಗಲೂ ಅದೇ.

ಆಫೀಸಿನ ಗೆಳತಿಯರು, "ಎಲ್ಲ ಬಿಚ್ಚಿ ಒಂದು ಪೋಸ್ಟ್ ಹಾಕು, ಮೂರು ದಿನದಲ್ಲಿ ಅವರ ಬಂಡವಾಳ ಬಯಲು" ಎಂದರು. ನನಗೂ ಕೈ ತುರಿಸುತ್ತಿತ್ತು. ಆದರೆ ಈ ಕಸುಬು ನನಗೆ ಕಲಿಸಿದ ಮೊದಲ ಪಾಠವೇ ಅದು: ಬೈಗುಳವೂ ಜಾಹೀರಾತೇ. ನಾನು ಕೂಗಾಡಿದರೆ ಆ ಪ್ಯಾಕೆಟ್ಟಿನ ಹೆಸರು ಇನ್ನಷ್ಟು ಮೊಬೈಲಿಗೆ ಹೋಗುತ್ತದೆ, ಅಮ್ಮನ ಬರಿದಾದ ಹಣೆಯೂ ಜೊತೆಗೇ ಹೋಗುತ್ತದೆ. ಇನ್ನೊಂದು ವಾರಕ್ಕೆ ಅವರು ಕೈಮುಗಿದು ವಿಡಿಯೋ ಮಾಡಿ ಒಳ್ಳೆಯವರೂ ಆಗಿಬಿಡುತ್ತಾರೆ. ನನಗೆ ಲಕ್ಷ ಜನ ನೋಡುವುದು ಬೇಡವಿತ್ತು. ಒಬ್ಬರು ನೋಡಿದರೆ ಸಾಕಿತ್ತು.

ಅಂಕಲ್‌ರ ಕಂಪನಿಯ ಪೇಜಿನಲ್ಲಿ ಅವರ ಮದುವೆಯ ವಾರ್ಷಿಕೋತ್ಸವದ ಫೋಟೋ ಇತ್ತು. "ನನ್ನ ಎಲ್ಲ ಯಶಸ್ಸಿನ ಹಿಂದಿನ ಶಕ್ತಿ" ಎಂದು ಬರೆದು, ಪಕ್ಕದಲ್ಲಿ ಆಂಟಿ, ಕೆಂಪು ಸೀರೆ, ರೂಪಾಯಿಯಗಲದ ಕುಂಕುಮ, ತಲೆ ತುಂಬ ಹೂ. ಆ ಫೋಟೋ ಇಳಿಸಿಕೊಂಡೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಕೂತೆ.

ಕುಂಕುಮ ಒಂದು ಒತ್ತಿಗೆ ಹೋಯಿತು. ಹೂ ಹೋಯಿತು, ಬಳೆ ಹೋದವು. ಕರಿಮಣಿ ಮಾತ್ರ ಹೋಗಲಿಲ್ಲ. ಈಗ ಎಲ್ಲವನ್ನೂ ತಾನೇ ಅಳಿಸುವ ಸಾಫ್ಟ್‌ವೇರ್ ಇದ್ದರೂ, ಕುತ್ತಿಗೆಯ ಮೇಲಿನ ಕರಿಮಣಿ ಅಳಿಸಿದರೆ ಚರ್ಮ ಮೇಣ ಬಳಿದ ಹಾಗೆ ಕಾಣುತ್ತದೆ. ದೊಡ್ಡದು ಮಾಡಿಕೊಂಡು ಒಂದೊಂದೇ ಮಣಿ ತೆಗೆಯಬೇಕು, ಮಣಿ ಇದ್ದಲ್ಲಿ ಚರ್ಮದ ಗೆರೆ ಮತ್ತೆ ಬರೆಯಬೇಕು. ಹಾಗೆ ತೆಗೆಯುತ್ತಿರುವಾಗಲೇ ನನಗೆ ಹೊಳೆದದ್ದು. ಅಮ್ಮನ ಪ್ಯಾಕೆಟ್ಟಿನಲ್ಲಿ ಕುತ್ತಿಗೆಯ ಗೆರೆಗಳು ಎಷ್ಟು ಚೆಂದ ಇದ್ದವು! ಯಾರೋ ಹೀಗೇ ಕೂತು, ಒಂದೊಂದೇ ಮಣಿ ಕಿತ್ತಿದ್ದರು. ಅದನ್ನು ಯಾರೋ ನೋಡಿ, ಇನ್ನೂ ಸ್ವಲ್ಪ ತೆಗೆಯಿರಿ ಎಂದಿದ್ದರು. ಕೊನೆಗೆ ಅಂಕಲ್ ನೋಡಿ, ಆಯಿತು ಎಂದಿದ್ದರು. ಕೈತಪ್ಪಿ ಆದ ಕೆಲಸ ಅದಲ್ಲ. ಅಷ್ಟರವರೆಗೆ ಅಲ್ಪಸ್ವಲ್ಪ ಇದ್ದ ನನ್ನ ಸಂಕೋಚವೂ ಅಲ್ಲಿಗೆ ಹೊರಟುಹೋಯಿತು.

ಠಾಣೆಯ ಅವರ ಆಫೀಸಿಗೆ ಅಪ್ಪನನ್ನೂ ಕರೆದುಕೊಂಡು ಹೋದೆ. ಫೋಟೋದ ವಿಷಯ ಅಪ್ಪನಿಗೆ ಹೇಳಿರಲಿಲ್ಲ. ಮುಂದಿನ ಮೇಜಿನ ಹುಡುಗಿ, "ಯಾರು ಬಂದಿದ್ದಾರೆ ಎಂದು ಹೇಳಲಿ ಸರ್?" ಎಂದು ಹಿಂದಿಯಲ್ಲಿ ಕೇಳಿದಳು. ಅಪ್ಪ ಗೋಡೆಯ ಮೇಲಿದ್ದ ಅಮ್ಮನ ದೊಡ್ಡ ಪೋಸ್ಟರ್ ತೋರಿಸಿ, "ಈ ಅಜ್ಜಿಯ ಸತ್ತ ಗಂಡ ಬಂದಿದ್ದಾನೆ ಅಂತ ಹೇಳಮ್ಮ" ಎಂದರು. ಆ ಹುಡುಗಿಯ ಕೈಯಿಂದ ಫೋನು ಬೀಳುವುದೊಂದು ಬಾಕಿ.

ಅಂಕಲ್ ಓಡಿ ಬಂದು ಅಪ್ಪನ ಕಾಲು ಮುಟ್ಟಿದರು. ಒಳಗೆ ಕೂರಿಸಿದರು. ಕಾಫಿ ತರಿಸಿದರು. ಅಪ್ಪ ಮೆತ್ತಗೆ ಹೇಳಿದರು, "ನೋಡು ಮಾರಾಯ, ನನಗೆ ಏನೂ ಇಲ್ಲ. ಅವಳು ಮನೆಯಿಂದ ಹೊರಗೆ ಬರುವುದು ಬಿಟ್ಟಿದ್ದಾಳೆ. ಅದನ್ನು ತೆಗೆಸು."

ಅಂಕಲ್‌ರ ಕಣ್ಣು ಹೊಳೆಯಿತು. ಆ ಹೊಳಪು ನನಗೆ ಚೆನ್ನಾಗಿ ಗೊತ್ತು, ನನ್ನ ಬಾಸಿನ ಕಣ್ಣಲ್ಲಿ ದಿನಾ ನೋಡುತ್ತೇನೆ. "ಅಣ್ಣ, ನೀವು ಬಂದದ್ದೇ ಒಳ್ಳೆದಾಯ್ತು. ಒಂದು ಕೆಲಸ ಮಾಡುವ. ಅಜ್ಜ ವಾಪಸು ಬಂದರು ಅಂತ ಒಂದು ರೀಲ್ ಮಾಡುವ! ನೀವು ಬಾಗಿಲಲ್ಲಿ ನಿಲ್ಲುದು, ಅಕ್ಕ ಒಳಗಿಂದ ಸಾರು ತರುದು. ಎಂತ ಎಮೋಷನ್ ಅಣ್ಣ! ಜನ ಹುಚ್ಚಾಗ್ತಾರೆ."

ಅಪ್ಪ ಬಾಯಿ ತೆರೆದವರು ಹಾಗೆಯೇ ಕೂತರು. ನಾನು ಮೊಬೈಲ್ ತೆಗೆದು ಆ ಫೋಟೋ ತೆರೆದು ಅಂಕಲ್‌ರ ಕಾಫಿ ಲೋಟದ ಪಕ್ಕದಲ್ಲಿಟ್ಟೆ.

ಅವರಿಗೆ ಮೊದಲು ಗುರುತು ಸಿಗಲಿಲ್ಲ. ಬಗ್ಗಿ ನೋಡಿದರು. ಆಮೇಲೆ ಸಿಕ್ಕಿತು. ಮುಖದ ರಕ್ತವೆಲ್ಲ ಇಳಿದುಹೋಯಿತು. ಮೊಬೈಲನ್ನು ದೂರ ತಳ್ಳಿದರು, ಕಾಫಿ ಚೆಲ್ಲಿತು. "ಏನಿದು? ಏನು ಅಪಶಕುನ ಇದು? ತೆಗಿ ಅದನ್ನು! ತೆಗಿ! ಅವಳ ಗಂಡ ನಾನು ಇಲ್ಲೇ ಕೂತಿದ್ದೇನಲ್ಲ!"

"ನನ್ನ ಅಪ್ಪನೂ ಇಲ್ಲೇ ಕೂತಿದ್ದಾರೆ ಅಂಕಲ್" ಎಂದೆ. "ಬರೀ ಫೋಟೋ ಅಲ್ವಾ?"

ಅವರು ಹಣೆಯ ಬೆವರು ಒರೆಸಿಕೊಂಡರು. ಆ ಬೆವರು ನೋಡಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಷ್ಟೋ ದಿನಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ನನ್ನ ಮಾತು ಸಣ್ಣದಿತ್ತು. ಪ್ಯಾಕೆಟ್ಟುಗಳು ಅಂಗಡಿಯಿಂದ ವಾಪಸು ಬರಬೇಕು. ರೀಲ್ ಹೋಗಬೇಕು. ಅಮ್ಮನ ನಿಜವಾದ ಫೋಟೋ, ಹಸಿರು ಸೀರೆಯದ್ದು, ಕಥೆ ಗಿಥೆ ಇಲ್ಲದೆ, "ಈ ತಾಯಿಯ ಪತಿ ಆರೋಗ್ಯದಿಂದಿದ್ದಾರೆ, ಸುಳ್ಳು ಬರೆದದ್ದು ನಾವು" ಎಂಬ ಸಾಲಿನೊಂದಿಗೆ ಅದೇ ಪೇಜಿನಲ್ಲಿ ಬರಬೇಕು. ರಥಸಪ್ತಮಿಯ ಒಳಗೆ ಆಂಟಿ ನಮ್ಮ ಮನೆಗೆ ಬಂದು ಅಮ್ಮನಿಗೆ ಕುಂಕುಮ ಇಡಬೇಕು. ಕ್ಯಾಮೆರಾ ಬಂದರೆ ಈ ಫೋಟೋ ನಾಳೆಯೇ ಊರಿನ ಎಲ್ಲ ಗ್ರೂಪಿಗೆ ಹೋಗುತ್ತದೆ. ಎಲ್ಲದಕ್ಕೂ ಅವರು ತಲೆಯಾಡಿಸಿದರು. ಆದರೆ ಹೊರಡುವಾಗ ಬಾಗಿಲವರೆಗೂ ಬಂದು, "ಅದನ್ನು ಡಿಲೀಟ್ ಮಾಡು ಮಗಾ" ಎಂದು ಕೈಮುಗಿದರು. ಕೆಲಸ ಆದ ಮೇಲೆ ನೋಡುವ ಎಂದೆ.

ವಾಪಸು ಬರುವಾಗ ಕಲ್ಯಾಣ ಲೋಕಲ್ಲು ಮುಂಬ್ರಾ ದಾಟಿದ ಮೇಲೆ ಅಪ್ಪ, "ಆ ಹೆಣ್ಣುಮಗಳು ನಿನಗೆ ಏನು ಮಾಡಿದ್ದಳು?" ಎಂದು ಕೊನೆಗೆ ಕೇಳಿದರು.

"ಅಮ್ಮ ಅವರಿಗೆ ಏನು ಮಾಡಿದ್ದರು?" ಎಂದೆ.

ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಸ್ಟೇಷನ್ ಬರುವ ಹೊತ್ತಿಗೆ ಹೆಗಲು ಕುಲುಕಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ. ನಗುತ್ತಿದ್ದರು. "ಅವನ ಮುಖ ಹೇಗಾಗಿತ್ತು ಮಾರಾಯ್ತಿ" ಎಂದರು.

ಪ್ಯಾಕೆಟ್ಟುಗಳು ಹೋದವು. ರೀಲ್ ಹೋಯಿತು. ಅಮ್ಮನ ಹಸಿರು ಸೀರೆಯ ಫೋಟೋ ಬಂತು, ನಾನು ಹೇಳಿದ ಸಾಲೂ ಬಂತು. ಪಕ್ಕದ ವಿಂಗಿನ ಸೊಸೆ ನಾಚಿಕೆಯಿಂದ ನೀರಾಗಿ ಬಂದು ಅಮ್ಮನನ್ನು ಅಪ್ಪಿಕೊಂಡು ಹೋದಳು. ರಥಸಪ್ತಮಿಯ ಹಿಂದಿನ ದಿನ ಆಂಟಿ ಒಬ್ಬರೇ ಬಂದರು, ಕೈಯಲ್ಲಿ ಹೂ, ಹಣ್ಣು, ಕುಂಕುಮದ ಬಟ್ಟಲು. ಅಮ್ಮ ಅದೇ ಹಸಿರು ಸೀರೆ ಉಟ್ಟು ಕೂತಿದ್ದರು. ಆಂಟಿ ಅಮ್ಮನ ಹಣೆಗೆ ಕುಂಕುಮ ಇಟ್ಟು, "ತಪ್ಪಾಯ್ತು ಅಕ್ಕ" ಎಂದರು. ಅಮ್ಮ ಅವರ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಅದೇ ಬಟ್ಟಲಿನಿಂದ ಅವರ ಹಣೆಗೂ ಇಟ್ಟರು. ಅಷ್ಟು ದಿನ ಬಿಗಿದಿದ್ದ ಅಮ್ಮನ ಮುಖ ಸಡಿಲಾಯಿತು. "ಕೂತ್ಕೊಳ್ಳಿ, ಕಾಫಿ ಮಾಡ್ತೇನೆ" ಎಂದು ಒಳಗೆ ಹೋದರು.

ನನಗೆ ಮಾತ್ರ ಏನೋ ಚುಚ್ಚುತ್ತಿತ್ತು. ತಪ್ಪು ಮಾಡಿದವರು ಎಸಿ ರೂಮಿನಲ್ಲಿ ಕೂತಿದ್ದಾರೆ, ತಪ್ಪು ಒಪ್ಪಿಕೊಳ್ಳುವವರು ಇಲ್ಲಿ ಬಂದಿದ್ದಾರೆ. ಆಂಟಿ ಬರಲಿ ಎಂದವಳು ನಾನೇ ಆದರೂ, ಹೆಂಡತಿಯನ್ನು ಮುಂದೆ ಬಿಟ್ಟು ಅಂಕಲ್ ಸುಲಭವಾಗಿ ಕೈತೊಳೆದುಕೊಂಡರಲ್ಲ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆಂಟಿ ನನ್ನ ಕಡೆ ತಿರುಗಿ ಮೆಲ್ಲಗೆ, "ನನ್ನ ಫೋಟೋ ತೋರಿಸು" ಎಂದರು.

ನಾನು ಮೊಬೈಲನ್ನು ಮಗುಚಿ ಹಿಡಿದೆ. "ಬೇಡ ಆಂಟಿ. ಈಗಲೇ ಅಳಿಸ್ತೇನೆ."

"ತೋರಿಸು ಅಂದೆ."

ತೋರಿಸಿದೆ. ಅವರು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಬೈಯುತ್ತಾರೆ, ಹೊಡೆದರೂ ಹೊಡೆಯಬಹುದು ಎಂದು ಕಾದೆ. ಅವರು ಹೇಳಿದ್ದು ಇಷ್ಟು: "ಆ ಪ್ಯಾಕೆಟ್ ಪ್ರಿಂಟಿಗೆ ಹೋಗುವ ಮೊದಲು ಮನೆಗೆ ತಂದಿದ್ದರು. ಇದು ಬೇಡ, ಪಾಪ ತಗಲ್ತದೆ ಅಂತ ನಾನು ಗಂಟಲು ಹರಿದುಕೊಂಡೆ. 'ನಿನಗೆಂತ ಗೊತ್ತುಂಟು ಬ್ರ್ಯಾಂಡಿಂಗ್, ಬರೀ ಫೋಟೋ ಅದು, ಒಳಗೆ ಹೋಗು' ಅಂದರು. ಈಗ ಈ ಫೋಟೋ ನೋಡಿದ ದಿನದಿಂದ ಅವರಿಗೆ ನಿದ್ದೆ ಇಲ್ಲ. ನಡು ನಡುವೆ ಎದ್ದು ನನ್ನ ಹಣೆ ನೋಡ್ತಾರೆ."

ಆಮೇಲೆ ನನ್ನ ಮೊಬೈಲಿನಿಂದ ತಮ್ಮ ಮೊಬೈಲಿಗೆ ಅದನ್ನು ತಾವೇ ಕಳಿಸಿಕೊಂಡರು. ಬಂದಿದೆಯಾ ಎಂದು ತೆರೆದು ನೋಡಿ, ಮೊಬೈಲನ್ನು ಪರ್ಸಿನೊಳಗೆ ಹಾಕಿ ಜಿಪ್ ಎಳೆದರು. "ನೀನು ಬೇಕಾದರೆ ಡಿಲೀಟ್ ಮಾಡು. ನನ್ನ ಹತ್ತಿರ ಇರಲಿ. ಇನ್ನೊಂದು ಸಲ 'ಒಳಗೆ ಹೋಗು' ಅಂದರೆ ಬೇಕಾಗ್ತದೆ."

ಅಮ್ಮ ಕಾಫಿ ತಟ್ಟೆ ಹಿಡಿದು ಬಂದವರು, "ಎಂತದು ಫೋಟೋ?" ಎಂದರು.

"ಏನಿಲ್ಲ ಅಕ್ಕ" ಎಂದು ಆಂಟಿ ಲೋಟ ತೆಗೆದುಕೊಂಡರು. "ನಿಮ್ಮ ಮಗಳು ನನ್ನದೊಂದು ಫೋಟೋ ಮಾಡಿಕೊಟ್ಟಿದ್ದಾಳೆ."

"ಚೆಂದ ಬಂದಿದೆಯಾ?"

"ತುಂಬ ಚೆಂದ ಬಂದಿದೆ" ಎಂದರು ಆಂಟಿ, ಕಾಫಿ ಊದುತ್ತಾ. "ನಮ್ಮವರಿಗೆ ದಿನಾ ತೋರಿಸಬೇಕು ಅಂತ ಇದ್ದೇನೆ."